ಅವಳಿಲ್ಲದ ಕಡೆಗೆ

ಮಿನೋರಿ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಮನೆಗೆ ಬಂದಾಗ ಅಂಗಡಿಯಲ್ಲಿ ಒಕುಡಾ ಅವರು ನಿಂತಿದ್ದರು. ಹಿಂದಿನ ಬೀದಿಯ ಆ ಹೆಂಗಸು ವಾರಕ್ಕೆರಡು ಸಲ ತಪ್ಪದೆ ಬಂದು ಕಾಮಾಬೊಕೊ ಒಯ್ಯುವವರು. ಮೀನನ್ನು ಅರೆದು, ಕಡಲಸೊಪ್ಪಿನಲ್ಲಿ ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವ ಆ ತಿಂಡಿಯೇ ಮೂರು ತಲೆಮಾರಿನಿಂದ ಮಿನೋರಿಯ ಮನೆಯವರ ಬದುಕು.

"ಅಯ್ಯಯ್ಯೋ, ಟಿವಿಯಲ್ಲಿ ನೋಡೋ ಹುಡುಗಿ ಎದುರಿಗೇ ನಿಂತಿದಾಳಲ್ಲ!" ಎಂದು ಒಕುಡಾ ಅವರು ಎರಡೂ ಕೈ ಕೆನ್ನೆಗಿಟ್ಟುಕೊಂಡರು. "ಯೋರಿಕೊ ಅವರೇ, ಎಂಥ ಮಗಳನ್ನ ಹೆತ್ತಿರಿ! ದೇಶಕ್ಕೆ ಬ್ಯಾಡ್ಮಿಂಟನ್ ಆಡೋದು ಅಂದ್ರೆ ಹುಡುಗಾಟವಾ?"

"ಹಾಗೇನಿಲ್ಲ ಬಿಡಿ," ಎಂದಳು ಯೋರಿಕೊ, ಮಗಳ ಕಡೆ ನೋಡದೆಯೇ. "ಎದುರಿನವರು ದಯೆ ತೋರಿಸಿ ಸೋತಿರ್ತಾರೆ. ಮನೇಲಿ ಒಂದು ಬಟ್ಟಲು ತೊಳೆಯೋಕೂ ಬರಲ್ಲ ಇವಳಿಗೆ. ನಿಮ್ಮ ಮಗನ್ನ ನೋಡಿ, ಆಸ್ಪತ್ರೇಲಿ ಎಷ್ಟು ಒಳ್ಳೆ ಹೆಸರು!"

"ಅವನಾ? ಮಂಕು ಮುಂಡೇದು. ಇನ್ನೂ ಕೆಲಸದಿಂದ ತೆಗೆದಿಲ್ವಲ್ಲ ಅಂತ ನಾವೇ ಬೆರಗಾಗಿದೀವಿ."

ಹೀಗೆ ಇಬ್ಬರು ತಾಯಂದಿರೂ ತಮ್ಮ ತಮ್ಮ ಮಕ್ಕಳನ್ನು ಕಾಲಡಿ ಹಾಕಿ, ಎದುರಿನವರ ಮಕ್ಕಳನ್ನು ಹೆಗಲಿಗೇರಿಸಿ, ತಲೆ ಬಾಗಿಸಿ ತೃಪ್ತಿಯಿಂದ ಬೀಳ್ಕೊಂಡರು. ನಾಮೆರಿಕಾವಾ ಎಂಬ ಆ ಊರಲ್ಲಿ ಮರ್ಯಾದಸ್ಥರ ಮಾತು ಇರುವುದೇ ಹಾಗೆ. ಹೊರಗಿನವರ ಮುಂದೆ ತನ್ನವರನ್ನು ಹೊಗಳುವುದೆಂದರೆ ಒಳಬಟ್ಟೆಯಲ್ಲಿ ಬೀದಿಗೆ ಬಂದಂತೆ. ಒಬ್ಬರು ತೆಗಳಬೇಕು, ಇನ್ನೊಬ್ಬರು "ಛೆ ಛೆ, ಹಾಗೇನಿಲ್ಲ" ಅನ್ನಬೇಕು. ಆ ಎರಡು ಮಾತು ಒಂದಕ್ಕೊಂದು ಕೂಡಿಕೊಂಡು ಲೆಕ್ಕ ಸರಿಹೋಗಬೇಕು.

ಮಿನೋರಿ ಇದನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಬೂಟು ಬಿಚ್ಚಿ, ಅವುಗಳನ್ನು ಬಾಗಿಲ ಕಡೆ ಮೂತಿ ಮಾಡಿ ಜೋಡಿಸಿಟ್ಟು, "ಕೆಲವು ವಾರ ಇಲ್ಲಿರ್ತೀನಿ ಅಮ್ಮ. ನಿಮಗೆ ತೊಂದರೆ" ಎಂದಳು.

ನಿಮಗೆ! ಯೋರಿಕೊಗೆ ಅದು ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. ಮಗಳು ಹನ್ನೆರಡರ ವಯಸ್ಸಿನಲ್ಲಿ ಆಟದ ಶಾಲೆಯ ಹಾಸ್ಟೆಲಿಗೆ ಹೋದವಳು. ಅಲ್ಲಿಂದ ಸೈತಾಮಾದ ಒಂದು ಕಂಪನಿಯ ತಂಡಕ್ಕೆ, ಅಲ್ಲಿಂದ ದೇಶದ ತಂಡಕ್ಕೆ. ಈಗ ಇಪ್ಪತ್ತೊಂದು. ಹಿರಿಯರೆಲ್ಲರಿಗೂ ಬಹುವಚನ ಹಾಕುವ ಹಾಸ್ಟೆಲಿನ ಶಿಸ್ತು ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಚಳಿಗಾಲದಲ್ಲಿ ಬ್ಯಾಂಕಾಕಿನ ಸೆಮಿಫೈನಲ್‌ನಲ್ಲಿ ಮೊಣಕಾಲಿನೊಳಗಿನ ಮೆತ್ತೆ ಹರಿದು, ಶಸ್ತ್ರಚಿಕಿತ್ಸೆಯಾಗಿ, ಈಗ ಊರಿನ ಗಾಳಿಯಲ್ಲಿ ಮೈ ಗಟ್ಟಿಮಾಡಿಕೊಂಡು ಬಾ ಎಂದು ಕಳಿಸಿದ್ದರು. ಕಂಪನಿಯ ಶರತ್ಕಾಲದ ತಂಡಕ್ಕೆ ಹೆಸರು ಬಂದರೆ ಮತ್ತೆ ಆಟ. ಬರದಿದ್ದರೆ ಕಂಪನಿಯೇ ಒಂದು ಮೇಜು ಕುರ್ಚಿ ಕೊಟ್ಟು ಕಚೇರಿ ಕೆಲಸಕ್ಕೆ ಹಾಕುತ್ತದೆ. ಆಟ ಮುಗಿದವರಿಗೆಲ್ಲ ಅಲ್ಲಿ ಅದೇ ದಾರಿ.

ಮಳೆಗಾಲದ ಆ ಮೊದಲ ವಾರಗಳಲ್ಲಿ ಜಗಳವೆಲ್ಲ ಊಟದ ಮೇಜಿನ ಮೇಲೇ ನಡೆಯಿತು.

"ಇದೇನೇ ಇದು, ಕೋಳಿಯ ಎದೆ ತುಂಡು ನೀರಲ್ಲಿ ಬೇಯಿಸಿಕೊಂಡು ತಿಂತಾಳೆ! ಉಪ್ಪಿಲ್ಲ ಹುಳಿಯಿಲ್ಲ," ಎಂದು ಅಜ್ಜಿ ತೋಶಿ ಮೂಗು ಮುರಿದರು. "ಮೀನಿನ ಮನೇಲಿ ಹುಟ್ಟಿ ಇಂಥ ಪಥ್ಯ! ಬಾಣಂತಿ ಕೂಡ ಇಷ್ಟು ಕಷ್ಟಪಡಲ್ಲ."

"ತೂಕ ಏರಿದ್ರೆ ಮೊಣಕಾಲಿಗೆ ಭಾರ ಅಜ್ಜಿ."

"ತೂಕ ಎಲ್ಲಿದೆಯೇ ನಿನಗೆ? ನಿನ್ನ ಮದುವೆಗೆ ಮೀನು ಮಾಡ್ಬೇಕು ಅಂತ ಬಣ್ಣ ಕಲಸೋಕೆ ಕಾದು ಕೂತಿದೀನಿ. ನಿನ್ನ ನೋಡಿದ್ರೆ ಮೀನೇ ನಿನಗಿಂತ ದಪ್ಪ ಆಗುತ್ತೆ."

ಮದುವೆಗೆಂದು ಕಾಮಾಬೊಕೊವನ್ನು ಕೆಂಪು ಮೀನಿನ ಆಕಾರದಲ್ಲಿ ಮಾಡಿ, ಅದರ ಮೇಲೆ ಹುರುಪೆ, ರೆಕ್ಕೆ, ಕಣ್ಣು ಬರೆಯುವುದು ತೋಶಿಯವರ ಕೈಕೆಲಸ. ಆ ಕೈಗೆ ಈಗ ಕೆಲಸವಿಲ್ಲ. ಊರಲ್ಲಿ ಮದುವೆಯಾಗುವವರೇ ಕಡಿಮೆ. ಹಾಗಾಗಿ ಆಕೆ ಇಡೀ ದಿನ ನಾಲಿಗೆಯನ್ನೇ ದುಡಿಸುತ್ತಿದ್ದರು.

ಯೋರಿಕೊ ಮಗಳಿಗಾಗಿ ಸೀಗಡಿ ಕರಿದಳು, ಮೊಟ್ಟೆ ಸುರುಳಿ ಮಾಡಿದಳು. ಮಿನೋರಿ ಒಂದೊಂದನ್ನು ಮರ್ಯಾದೆಗೆ ತಿಂದು, "ಊಟ ತುಂಬ ಚೆನ್ನಾಗಿತ್ತು" ಎಂದು ಕೈ ಮುಗಿದು, ತನ್ನ ಬಟ್ಟಲನ್ನಷ್ಟೇ ಅಲ್ಲದೆ ಎಲ್ಲರ ಬಟ್ಟಲನ್ನೂ ತೊಳೆದು, ಸಿಂಕನ್ನು ಒಣಬಟ್ಟೆಯಿಂದ ಒರೆಸಿ ಹೋಗುತ್ತಿದ್ದಳು. ಬಟ್ಟಲು ತೊಳೆಯೋಕೂ ಬರಲ್ಲ ಎಂದು ಒಕುಡಾ ಅವರಿಗೆ ಹೇಳಿದ್ದು ಶುದ್ಧ ಸುಳ್ಳೆಂದು ಯೋರಿಕೊಗೆ ಆಗ ತಿಳಿಯಿತು.

"ಅದನ್ನ ಬಿಡು, ನಾನು ತೊಳೀತೀನಿ," ಎಂದಳು ಒಂದು ದಿನ, ಸ್ವಲ್ಪ ಗಡುಸಾಗಿಯೇ. "ಇದೇನು ನಿನ್ನ ಹಾಸ್ಟೆಲ್ಲಾ?"

"ಅಭ್ಯಾಸ ಆಗಿದೆ. ತಪ್ಪಾದ್ರೆ ಕ್ಷಮಿಸಿ."

"ತಪ್ಪು ಅಂತ ಯಾರೇ ಅಂದ್ರು?"

ಒಳಗಿನಿಂದ ಅಜ್ಜಿ ಕೂಗಿದರು: "ತೊಳೆದ್ರೂ ಬೈತಾಳೆ, ತೊಳೀದಿದ್ರೂ ಬೈತಾಳೆ. ಸೊಸೆ ಆಗಿ ಬಂದಾಗ ನಾನು ಬೈದಿದ್ದನ್ನೆಲ್ಲ ಈಗ ಮಗಳ ಮೇಲೆ ತೀರಿಸಿಕೊಳ್ತಿದಾಳೆ!"

ಜುಲೈ ಕಳೆಯುವ ಹೊತ್ತಿಗೆ ವೈದ್ಯರು ಓಡಬಹುದೆಂದರು, ಆಮೇಲೆ ಆಡಬಹುದೆಂದರು. ಊರಿನ ಪ್ರಾಥಮಿಕ ಶಾಲೆಯ ಒಳಾಂಗಣವನ್ನು ಸಂಜೆ ಹೊತ್ತು ಕೇಳಿ ಪಡೆದದ್ದಾಯಿತು. ಶಟಲ್ ಎಸೆಯಲು ಅಪ್ಪ ನೊಬುಹಿರೊ ಹೋಗತೊಡಗಿದ. ಮುಂಜಾನೆಯಿಂದ ಮೀನು ಅರೆದು ದಣಿದವನು ಸಂಜೆ ಮಗಳ ಹಿಂದೆ ಸೈಕಲ್ ತುಳಿದು ಹೋಗುತ್ತಿದ್ದ. ಬಂದಮೇಲೆ ಅವನು ಬಿಯರಿನ ಲೋಟ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದ.

"ಹೇಗಾಡ್ತಾಳೆ ರೀ?"

"ಏನು ಹೇಳಲಿ."

"ಬಾಯಲ್ಲಿ ಮೀನು ಇಟ್ಕೊಂಡಿದೀರಾ? ಚೆನ್ನಾಗಿ ಆಡ್ತಾಳೋ ಇಲ್ವೋ?"

"ನೀನೇ ಒಂದು ಸಲ ಹೋಗಿ ನೋಡು," ಎಂದ ಅವನು.

ಪಿತೃಗಳ ಹಬ್ಬ ಓಬೋನ್ ಹತ್ತಿರ ಬಂದು ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ದಿನ ಆ ಫೋನು ಬಂತು. ಮಿನೋರಿ ವ್ಯಾಯಾಮದ ಚಿಕಿತ್ಸೆಗೆಂದು ಹೋಗಿದ್ದಳು. ಕರೆ ಮಾಡಿದವರು ಕಂಪನಿ ತಂಡದ ತರಬೇತುದಾರರಾದ ಸುಲಾಸ್ತ್ರಿ. ಇಂಡೊನೇಷ್ಯಾದ ಹೆಂಗಸು, ಈ ದೇಶಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಅವರ ಜಪಾನಿ ಮಾತು ಇಸ್ತ್ರಿ ಹಾಕಿದ ಅಂಗಿಯಂತೆ ನೆಟ್ಟಗಿತ್ತು.

"ಮಿನೋರಿಯ ತಾಯಿಯವರಾ? ಶರತ್ಕಾಲದ ತಂಡಕ್ಕೆ ಹೆಸರು ಕೊಡಬೇಕು. ಅವಳನ್ನ ಸೇರಿಸಲೋ ಬೇಡವೋ? ನೀವು ದಿನಾ ನೋಡ್ತಿದೀರಿ. ನಿಮಗೇನನ್ನಿಸುತ್ತೆ?"

ಯೋರಿಕೊ ಫೋನಿಗೇ ತಲೆ ಬಾಗಿಸಿದಳು. ಮಾತು ತಾನಾಗಿ ಹೊರಟಿತು. ಹುಟ್ಟಿದಾಗಿನಿಂದ ಕೇಳಿದ, ಆಡಿದ ಮಾತು.

"ನಮ್ಮ ಹುಡುಗಿಯಂಥವಳಿಗೆ ಅದು ಮೀರಿದ ಮಾತು. ಏನೂ ಬಾರದವಳನ್ನ ಇಷ್ಟು ವರ್ಷ ಸಹಿಸಿಕೊಂಡಿರಿ. ಈಗ ಕಾಲು ಬೇರೆ ಹೀಗೆ. ಇನ್ನೂ ಅವಳನ್ನ ನಿಮ್ಮ ತಲೆ ಮೇಲೆ ಹೇರೋದು ಅಂದ್ರೆ ನಮಗೇ ನಾಚಿಕೆ."

ಈಗ ಆಚೆಯಿಂದ "ಛೆ ಛೆ, ಹಾಗೇನಿಲ್ಲ" ಬರಬೇಕಿತ್ತು. ಯೋರಿಕೊ ಕಾದಳು. ಬರಲಿಲ್ಲ.

"ಹೌದಾ," ಎಂದರು ಸುಲಾಸ್ತ್ರಿ ಕೊನೆಗೆ. "ಅರ್ಥವಾಯ್ತು. ತಾಯಿಯೇ ಹೇಳಿದ ಮೇಲೆ ಮುಗೀತು. ಧನ್ಯವಾದ."

ಫೋನು ಇಟ್ಟಮೇಲೂ ಯೋರಿಕೊ ಅದರ ಮುಂದೆಯೇ ನಿಂತಿದ್ದಳು. ತಿರುಗಿ ಫೋನ್ ಮಾಡಿ, ನಾನು ಹೇಳಿದ್ದು ಹಾಗಲ್ಲ ಅನ್ನಬೇಕು. ಹಾಗಲ್ಲ ಅಂದಮೇಲೆ ಮತ್ತೆ ಹೇಗೆ ಎಂದು ಕೇಳಿದರೆ? ನನ್ನ ಮಗಳು ಜಾಣೆ, ಸೇರಿಸಿಕೊಳ್ಳಿ ಎಂದು ಯಾವ ಬಾಯಲ್ಲಿ ಹೇಳುವುದು? ಅಷ್ಟರಲ್ಲಿ ಯಾರೋ ಗಿರಾಕಿ ಕರೆದರು. ಸಂಜೆ ಅವಳು ಮಗಳಿಗೆ ಇಷ್ಟವಾದ ಕುಂಬಳಕಾಯಿ ಬೇಯಿಸಿದಳು. ಮೇಜು ಕುರ್ಚಿಯ ಕೆಲಸವಾದರೆ ಮೊಣಕಾಲು ಹರಿಯುವುದಿಲ್ಲ, ರಜೆಗೆ ಮನೆಗೆ ಬರುತ್ತಾಳೆ ಎಂಬ ಯೋಚನೆ ಒಲೆಯ ಮುಂದೆ ಬಂದುಹೋಯಿತು. ಅದನ್ನು ಅವಳು ಓಡಿಸಲಿಲ್ಲ. ಫೋನಿನ ವಿಷಯ ಯಾರಿಗೂ ಹೇಳಲೂ ಇಲ್ಲ.

ಹಬ್ಬದ ಕೆಲಸದಲ್ಲಿ ನೊಬುಹಿರೊನ ಭುಜ ಹಿಡಿದುಕೊಂಡಿತು. ಕೈ ಕಿವಿಯ ತನಕವೂ ಏಳದು.

"ನೀನು ಹೋಗು ಇವತ್ತು," ಎಂದ ಹೆಂಡತಿಗೆ.

"ನಾನಾ? ನನಗೆ ಚೆಂಡು ಹಿಡಿಯೋಕೂ ಬರಲ್ಲ."

"ಹಿಡಿಯೋದಲ್ಲ, ಎಸೆಯೋದು. ನನ್ನ ಮೇಲೆ ಸಿಟ್ಟು ಬಂದಾಗ ಎಸೀತೀಯಲ್ಲ, ಹಾಗೆ."

ಒಳಾಂಗಣದ ಕಿಟಕಿಗಳನ್ನೆಲ್ಲ ಮುಚ್ಚಿ ಪರದೆ ಎಳೆದಿದ್ದರು. ಗಾಳಿಯಾಡಿದರೆ ಶಟಲ್ ದಾರಿ ತಪ್ಪುತ್ತದೆ. ಆಗಸ್ಟಿನ ಸೆಕೆ ಒಳಗೆ ಹಬೆಯ ಪೆಟ್ಟಿಗೆಯಂತೆ ನಿಂತಿತ್ತು. ಆ ಸೆಕೆ ಮಾತ್ರ ಯೋರಿಕೊಗೆ ಹೊಸತಲ್ಲ. ಮಿನೋರಿ ತಾಯಿಯನ್ನು ನೆಟ್ಟಿನ ಆಚೆ ನಿಲ್ಲಿಸಿ, ಅವಳ ಎಡಗೈ ಉದ್ದಕ್ಕೂ ಶಟಲ್‌ಗಳನ್ನು ಒಂದರೊಳಗೊಂದು ಜೋಡಿಸಿಟ್ಟಳು.

"ಒಂದಾದ ಮೇಲೊಂದು ಎಸೀತಾ ಹೋಗಿ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ. ನಿಮಗೆ ತಿಳಿದ ಹಾಗೆ."

ಯೋರಿಕೊ ಎಸೆದಳು. ಮಗಳು ನಿಂತಲ್ಲಿಗೇ, ಅವಳ ಕೈಗೇ ಸಿಗುವ ಹಾಗೆ, ಮಗುವಿಗೆ ತುತ್ತು ಕೊಟ್ಟಂತೆ. ಮಿನೋರಿ ರ‍್ಯಾಕೆಟ್ ಇಳಿಸಿದಳು.

"ಹಾಗಲ್ಲ. ನನ್ನ ನೋಡಬೇಡಿ. ನಾನಿಲ್ಲದ ಜಾಗ ನೋಡಿ, ಅಲ್ಲಿಗೆ ಎಸೀರಿ."

"ಅಲ್ಲಿಗೆ ಎಸೆದ್ರೆ ನಿನಗೆ ಸಿಗೋದು ಹೇಗೆ?"

"ಎಸೆದು ನೋಡಿ."

ಯೋರಿಕೊ ಎಡ ಮೂಲೆಗೆ ಎಸೆದಳು. ಮಗಳು ಬಲಕ್ಕಿದ್ದಳು. ಮರದ ನೆಲದ ಮೇಲೆ ಬೂಟಿನ ಕಿರ್ ಎಂಬ ಸದ್ದು ಎದ್ದು ಅಡಗುವ ಮೊದಲೇ ಮಗಳು ಎಡಕ್ಕಿದ್ದಳು. ಹಿಂದಕ್ಕೆ ಎಸೆದಳು, ಹಿಂದಿದ್ದಳು. ನೆಟ್ಟಿನ ಬುಡಕ್ಕೆ ಬಿಟ್ಟಳು; ಆ ಉದ್ದನೆಯ ಕಾಲು ನೆಲಕ್ಕೆ ಮಡಚಿ, ರ‍್ಯಾಕೆಟ್ಟಿನ ತುದಿ ಶಟಲನ್ನು ಮುಟ್ಟಿತೋ ಇಲ್ಲವೋ, ಅದು ಉಸಿರು ಬಿಟ್ಟಂತೆ ನೆಟ್ಟಿನ ಅಂಚಿನಲ್ಲಿ ಉರುಳಿ ಯೋರಿಕೊಳ ಪಾದದ ಮುಂದೆ ಬಿತ್ತು. ಶಸ್ತ್ರಚಿಕಿತ್ಸೆಯಾದ ಮೊಣಕಾಲು ಯಾವುದು? ಎಡವೋ ಬಲವೋ? ತಾನೇ ದಿನಾ ಬಿಸಿನೀರಿನ ಬಟ್ಟೆ ಹಿಂಡಿಕೊಟ್ಟ ಮೊಣಕಾಲು. ಈಗ ಗುರುತೇ ಸಿಗಲಿಲ್ಲ.

ಒಂದನ್ನು ಅವಳು ಎತ್ತರಕ್ಕೆ ಎಸೆದಳು. ಮಿನೋರಿ ನೆಲ ಬಿಟ್ಟಳು. ದೀಪದ ಕೆಳಗೆ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಬಟ್ಟೆ ಹರಿದಂಥ ಸದ್ದು. ಶಟಲ್ ಯೋರಿಕೊಳ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಡಿಯಿತು. ಅವಳಿಗೆ ಕಂಡದ್ದು ಗಾಳಿಯಲ್ಲಿ ತೇಲುತ್ತಿದ್ದ ಒಂದು ಪುಕ್ಕ ಮಾತ್ರ.

ಈ ಮುಖ ಮನೆಯದಲ್ಲ. ಉಣ್ಣುವಾಗಿನದಲ್ಲ, ಮಲಗಿದಾಗಿನದಲ್ಲ. ದೇವಾಲಯದಲ್ಲಿ ಕೂಡ ಯೋರಿಕೊ ಅಷ್ಟು ತುಂಬಿದ, ಅಷ್ಟು ಬರಿದಾದ ಮುಖವನ್ನು ಕಂಡಿರಲಿಲ್ಲ. ಇವಳು ನನ್ನ ಹೊಟ್ಟೆಯಲ್ಲಿದ್ದವಳೇ? ಎದುರಿಗೆ ಸಮುದ್ರ ನಿಂತರೆ ಏನು ಮಾಡುವುದು, ಹಾಗೆ ಅವಳ ಕೈ ನಿಂತುಹೋಯಿತು.

"ಅಮ್ಮಾ! ಎಸಿ!" ಮಿನೋರಿ ಕೂಗಿದಳು. "ಏನ್ ನೋಡ್ತಿದೀಯಾ? ಬೇಗ! ಎತ್ತರಕ್ಕೆ ಎಸಿಯೇ!"

ಬೆವರಿನ ಮಧ್ಯೆ ಆ ಏಕವಚನ ಬಂದದ್ದು ಮಗಳಿಗೆ ಗೊತ್ತೇ ಆಗಲಿಲ್ಲ. ತಾಯಿ ಕೈಯಲ್ಲಿದ್ದದ್ದು ಮುಗಿಯುವ ತನಕ, ನೆಲದ ಮೇಲಿನದನ್ನು ಬಾಚಿ ಬಾಚಿ, ಭುಜ ಬಿದ್ದುಹೋಗುವ ತನಕ ಎಸೆದಳು. ಅವಳಿಲ್ಲದ ಜಾಗವನ್ನು ಹುಡುಕಿ ಹುಡುಕಿ ಎಸೆದಳು. ಅಂಥ ಜಾಗವೇ ಅಲ್ಲಿರಲಿಲ್ಲ.

ಮನೆಗೆ ಬಂದಾಗ ನೊಬುಹಿರೊ ಕೇಳಿದ: "ಹೇಗಾಡಿದಳು?"

"ಏನು ಹೇಳಲಿ," ಎಂದಳು ಯೋರಿಕೊ. ಅವನು ನಕ್ಕು ಅವಳಿಗೂ ಒಂದು ಲೋಟ ಬಿಯರು ಬಗ್ಗಿಸಿದ. ಅವಳು ಅದನ್ನು ಮೇಜಿನ ಮೇಲೇ ಬಿಟ್ಟಳು. ಫೋನಿನಲ್ಲಿ ಆಡಿದ ಮಾತು ನೆನಪಿಗೆ ಬಂದಿತ್ತು. ನಾಳೆ ಸರಿಮಾಡುತ್ತೇನೆ ಅಂದುಕೊಂಡಳು. ನಾಳೆ ಹಬ್ಬ, ನಾಡಿದ್ದು ನಾದಿನಿಯ ಮನೆಯವರು ಊಟಕ್ಕೆ.

ಹಬ್ಬ ಮುಗಿದ ಬೆಳಿಗ್ಗೆ ಕೊರಿಯರಿನವನು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಬಾಗಿಲಲ್ಲಿ ಇಳಿಸಿ ಹೋದ. ತಂಡದ ಹಾಸ್ಟೆಲಿನಲ್ಲಿ ಅವಳ ಕೋಣೆ ಖಾಲಿ ಮಾಡಿ ಕಳಿಸಿದ್ದರು. ಮಿನೋರಿಯ ಬೂಟುಗಳು, ಚಳಿಗಾಲದ ಕೋಟು, ಗೋಡೆಗೆ ಅಂಟಿಸಿದ್ದ ಚಿತ್ರಗಳು, ಎಲ್ಲವೂ ಅಚ್ಚುಕಟ್ಟಾಗಿ ಮಡಚಿದ್ದವು. ಮಿನೋರಿ ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಫೋನು ಮಾಡಿ ಬಂದಳು. ಬಂದಾಗ ಮುಖ ಗೋಡೆಯ ಸುಣ್ಣವಾಗಿತ್ತು.

"ಅಮ್ಮ, ಸುಲಾಸ್ತ್ರಿಯವರಿಗೆ ಏನು ಹೇಳಿದ್ರಿ ನೀವು?"

ಹಬೆಯ ತಟ್ಟೆ ಒರೆಸುತ್ತಿದ್ದ ಯೋರಿಕೊಳ ಕೈ ನಿಂತಿತು. "ಎಲ್ಲರೂ ಹೇಳೋದನ್ನೇ ಹೇಳಿದೆ. ಒಕುಡಾ ಅವರಿಗೆ ಹೇಳೋ ಹಾಗೆ."

"ಏನೂ ಬಾರದವಳು ಅಂತ?"

"ಅದು ಮಾತಿಗೆ ಅನ್ನೋದು ಕಣೇ!"

"ಆಕೆ ಪರದೇಶದವಳು," ಎಂದರು ತೋಶಿ ನಡುವೆ ಬಾಯಿ ಹಾಕಿ. "ಮಾತು ಕಲಿತಿರ್ತಾಳೆ. ಮಾತಿನ ಹಿಂದಿರೋದನ್ನ ಎಲ್ಲಿ ಕಲೀತಾಳೆ?"

"ಅವರಿಗೆ ಎಲ್ಲಾ ಗೊತ್ತು ಅಜ್ಜಿ. ಬೇಕಂತಲೇ ಹಾಗೆ ಕೇಳಿಸಿಕೊಳ್ತಾರೆ. ಹಿಂದೆ ಒಬ್ಬಳು ನೋವಿಲ್ಲ ನೋವಿಲ್ಲ ಅಂತ ಆಡಿ ಕಾಲು ಕಳಕೊಂಡಳು. ಆವತ್ತಿಂದ ಆಟಗಾರ್ತಿ ಮಾತು ನಂಬಲ್ಲ, ಮನೆಯವರನ್ನ ಕೇಳ್ತಾರೆ. ಮನೆಯವರು ಹೇಳಿದ್ದನ್ನ ಹೇಳಿದ ಹಾಗೇ ತಗೋತಾರೆ. ಈಗ ನಾನು ಎಷ್ಟು ಹೇಳಿದ್ರೂ, ನಿನ್ನ ತಾಯಿ ಕಣ್ಣಾರೆ ನೋಡಿದಾರೆ ಅಂತಾರೆ."

"ನೀನು ಯಾಕೆ ಆವತ್ತೇ ನಮಗೆ ಹೇಳಲಿಲ್ಲ?" ನೊಬುಹಿರೊ ಹೆಂಡತಿಯನ್ನು ಕೇಳಿದ. ಯೋರಿಕೊ ತಟ್ಟೆಯನ್ನು ಕೆಳಗಿಟ್ಟಳು.

"ನನಗೂ ಒಂದು ಹೇಳಮ್ಮ," ಎಂದಳು ಮಿನೋರಿ. ಅವಳ ದನಿ ಏರಲಿಲ್ಲ, ಅದೇ ಕಷ್ಟವಾಗಿತ್ತು. "ಮೊದಲನೇ ಸಲ ಕಪ್ ತಂದಾಗ ಎದುರಿನ ಹುಡುಗಿಗೆ ಜ್ವರ ಇತ್ತಂತೆ ಅಂದೆ. ಆಮೇಲೆ ಅದೃಷ್ಟ ಅಂದೆ. ಹೊರಗಿನವರ ಮುಂದೆ ಹಾಗನ್ನಬೇಕು, ಗೊತ್ತು. ಆದ್ರೆ ಅವರು ಹೋದಮೇಲೆ, ಬಾಗಿಲು ಹಾಕಿದ ಮೇಲೆ, ಒಳಗೆ ಬಂದಾದ್ರೂ ಬೇರೆ ಥರ ಅನ್ನುತ್ತೀಯೇನೋ ಅಂತ ಕಾಯ್ತಿದ್ದೆ. ಯಾವತ್ತೂ ಅನ್ನಲಿಲ್ಲ. ಹಾಗಾದ್ರೆ ಅದೇ ನಿಜ ಅಂದ್ಕೊಂಡೆ."

ಮಿನೋರಿ ಒರೆಸದೆ ಉಳಿದಿದ್ದ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ನಲ್ಲಿಯ ಬಳಿಗೆ ಹೋದಳು.

ಯೋರಿಕೊ ಏಪ್ರನ್ನಿಗೆ ಕೈ ಒರೆಸಿ ಅಂಗಡಿಯ ಫೋನಿನ ಹತ್ತಿರ ಬಂದಳು. ಅಷ್ಟರಲ್ಲಿ ಬಾಗಿಲ ಗಂಟೆ ಅಲ್ಲಾಡಿ ಒಕುಡಾ ಅವರು ಒಳಬಂದರು. ತಂಗಿಯ ಊರಿಗೆ ಹೋಗುವವರು, ಕೈಯಲ್ಲಿ ಒಯ್ಯಲು ಏನಾದರೂ ಬೇಕಿತ್ತು.

"ಒಂದು ನಿಮಿಷ," ಎಂದಳು ಯೋರಿಕೊ. ಒಳಗೆ ಹೋಗಿ ಮಾತಾಡಬಹುದಿತ್ತು. ಇವರು ಹೋಗುವ ತನಕ ಕಾಯಬಹುದಿತ್ತು. ಕಾದರೆ ತನ್ನಿಂದ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಸುಲಾಸ್ತ್ರಿಯವರೇ, ಮಿನೋರಿಯ ತಾಯಿ. ಆವತ್ತು ನಾನು ಹೇಳಿದ್ದು ಸುಳ್ಳು."

ಈ ಸಲ ಅವಳು ಆಚೆಯ ಮಾತಿಗೆ ಕಾಯಲಿಲ್ಲ.

"ನನ್ನ ಮಗಳು..." ನಾಲಿಗೆ ತಡವರಿಸಿತು. ತನ್ನ ಮಗಳ ಹೆಸರಿನ ಮುಂದೆ ಇಡಲು ಒಂದು ಒಳ್ಳೆಯ ಮಾತನ್ನೂ ಅದು ಕಲಿತಿರಲಿಲ್ಲ. "ನನ್ನ ಮಗಳು ದೊಡ್ಡ ಆಟಗಾರ್ತಿ. ನಾನೇ ನಿಂತು ಶಟಲ್ ಎಸೆದೆ. ಅವಳಿಲ್ಲದ ಕಡೆಗೆ ಎಸೆದೆ. ಎಲ್ಲಿ ಎಸೆದ್ರೂ ಅಲ್ಲಿದ್ದಳು. ಹಾರಿದಾಗ, ನಾನು ಹೆತ್ತವಳು, ನನಗೇ ಮೈ ನಡುಗಿತು. ಅಂಥದ್ದನ್ನ ನಾನು ಇದುವರೆಗೆ ನೋಡಿಲ್ಲ."

"ಮೊಣಕಾಲು?"

"ಯಾವ ಮೊಣಕಾಲು ಅಂತ ನನಗೆ ಗೊತ್ತಾಗಲಿಲ್ಲ."

ಆಚೆಯಿಂದ ಒಂದು ಸಣ್ಣ ನಗು. "ಆವತ್ತಿನದನ್ನ ನಂಬಲೋ, ಇವತ್ತಿನದನ್ನೋ?"

"ಇವತ್ತಿನದನ್ನ. ಮನೆಯವರು ಹೇಳಿದ್ದನ್ನ ಹೇಳಿದ ಹಾಗೇ ತಗೋತೀರಂತೆ ನೀವು. ತಗೊಳ್ಳಿ."

"ಸೋಮವಾರ ಕಳಿಸಿ. ಆಡಿಸಿ ನೋಡ್ತೀನಿ. ನೀವು ಹೇಳಿದ ಹಾಗೆ ಇದ್ದರೆ ಹೆಸರು ಹಾಕ್ತೀನಿ."

ಯೋರಿಕೊ ಫೋನಿಟ್ಟು ತಿರುಗಿದಳು. ಒಕುಡಾ ಅವರು ಬಾಯಿ ತೆರೆದ ಪರ್ಸು ಹಿಡಿದುಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ, ಉಪ್ಪಿನಕಾಯಿ ಭರಣಿಯನ್ನು ನೋಡುತ್ತಿದ್ದರು. ಇಂಥ ಮಾತಿಗೆ ಎದುರು ಮಾತು ಆ ಊರಲ್ಲಿ ಯಾರೂ ಮಾಡಿಟ್ಟಿರಲಿಲ್ಲ. ಗಲಿಬಿಲಿಯಲ್ಲಿ ಅವರ ಬಾಯಿಗೆ ರೂಢಿಯದೇ ಬಂತು.

"ಛೆ ಛೆ, ಹಾಗೇನಿಲ್ಲ ಬಿಡಿ!"

ಅಂದದ್ದು ಏನೆಂದು ಹೊಳೆದು ಅವರ ಕಿವಿಯವರೆಗೂ ಕೆಂಪೇರಿತು. ಒಳಬಾಗಿಲಲ್ಲಿ ನಿಂತಿದ್ದ ತೋಶಿ ಸೆಟೆದರು. "ಬೀದಿಯೆಲ್ಲಾ ಆಡಿಕೊಳ್ಳೋ ಹಾಗೆ ಮಾಡಿದೆಯಲ್ಲೇ! ಅಷ್ಟೊಂದು ಹೇಳಬೇಕಿತ್ತಾ?"

"ಇನ್ನೂ ಇತ್ತು ಅತ್ತೆ. ಬಾಯಿಗೆ ಬರಲಿಲ್ಲ."

ಯೋರಿಕೊ ಒಕುಡಾ ಅವರ ಪೊಟ್ಟಣಕ್ಕೆ ಕಾಗದ ಸುತ್ತಿ ದಾರ ಕಟ್ಟತೊಡಗಿದಳು. ಗಂಟು ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು. ಸೋಮವಾರ. ಮಗಳನ್ನು ತನ್ನ ಬಾಯಿಂದಲೇ ಮತ್ತೆ ಕಳಿಸಿಕೊಟ್ಟಾಗಿತ್ತು.

ಹಿಂದಿನಿಂದ ಒದ್ದೆ ಕೈಯೊಂದು ಬಂದು ದಾರದ ತುದಿ ಹಿಡಿಯಿತು. ಮಿನೋರಿ ಗಂಟು ಬಿಗಿದಳು, ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ಒಕುಡಾ ಅವರ ಮುಂದೆ ಹಿಡಿದು ತಲೆ ಬಾಗಿಸಿದಳು. ತಲೆ ಎತ್ತಿದಾಗ ಅವಳ ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ತುಂಟತನವಿತ್ತು.

"ಒಕುಡಾ ಅವರೇ, ನಮ್ಮಮ್ಮನ ಕೈ ಬಹಳ ಒಳ್ಳೇದು. ಅವಳ ಥರ ಶಟಲ್ ಎಸೆಯೋರು ತಂಡದಲ್ಲೂ ಇಲ್ಲ."

"ಅಯ್ಯೋ ದೇವರೇ," ಎಂದರು ತೋಶಿ. "ಈ ಹೊಗಳೋ ರೋಗ ಮನೆಯವರಿಗೆಲ್ಲ ಹತ್ತಿಕೊಂಡಿತು."